ಬಿಜೈ ಹಿತ್ತಿಲಿನ ಕೋಳಿಗೂ ಮಂದಾರದ ತೋಟಕ್ಕೂ ಸಂಬಂಧವಿದೆ

ಬಿಜೈ ಎಂದರೆ ನಮ್ಮ ಹಳ್ಳಿ ಕಡೆಯವರಿಗೆ ಮೊದಲು ನೆನಪಾಗುವುದು ಮಂಗಳೂರಿನ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣ. ಸುತ್ತ ಮಾಲ್, ಹೋಟೆಲ್, ಎತ್ತರದ ಫ್ಲ್ಯಾಟ್‌ಗಳು. ಆದರೆ ಕಾಪಿಕಾಡ್ ಕಡೆಗೋ ಚರ್ಚ್ ಕಡೆಗೋ ಒಳರಸ್ತೆಯಲ್ಲಿ ನಡೆದರೆ ಹಳೆಯ ಹಂಚಿನ ಮನೆಗಳು ಇನ್ನೂ ಸಿಗುತ್ತವೆ. ಕೆಲವು ಮನೆಗಳ ಹಿಂದೆ ಬಸಳೆ ಚಪ್ಪರ, ನಾಲ್ಕು ಸಾಲು ಹರಿವೆ, ಕರೆದರೆ ಜಗಲಿಯ ತನಕ ಓಡಿ ಬರುವ ಕೋಳಿಗಳೂ ಇವೆ.

"ಪೇಟೆಯಲ್ಲಿ ಇದೆಲ್ಲ ಯಾಕೆ? ಮೊಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಂಗಳ, ಹಿತ್ತಿಲು ಇರುವ ಮನೆಯವರು ತರಕಾರಿ ಬೆಳೆದು ಮೂರು-ನಾಲ್ಕು ಹೇಂಟೆ ಸಾಕುವುದನ್ನು ಪೇಟೆ ಸಹಿಸಿಕೊಂಡರೆ ಸಾಲದು, ಪ್ರೋತ್ಸಾಹಿಸಬೇಕು. ಈ ಮಾತನ್ನು ಹಳ್ಳಿಯವರಾದ ನಾವೇ ಗಟ್ಟಿಯಾಗಿ ಹೇಳಬೇಕು. ಏಕೆಂದರೆ ಪೇಟೆಯ ಅಡುಗೆಮನೆಯ ಕಸ ಕೊನೆಗೆ ಹೋಗಿ ಬೀಳುವುದು ಯಾರದೋ ತೋಟದ ಪಕ್ಕದಲ್ಲಿ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಮಂಗಳೂರಿನ ಕಸವನ್ನೆಲ್ಲ ಸುರಿಯುತ್ತಿದ್ದ ಪಚ್ಚನಾಡಿಯ ರಾಶಿ ಜೋರು ಮಳೆಗೆ ಜಾರಿ ಕೆಳಗಿನ ಮಂದಾರಕ್ಕೆ ನುಗ್ಗಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಡಬೇಕಾಯಿತು. ಆ ರಾಶಿಯಲ್ಲಿ ಪ್ಲಾಸ್ಟಿಕ್ ಮಾತ್ರ ಇರಲಿಲ್ಲ. ಸೌತೆ ಸಿಪ್ಪೆ, ಉಳಿದ ಅನ್ನ, ಮೀನಿನ ತಲೆ, ಹಳಸಿದ ತರಕಾರಿ ಎಲ್ಲವೂ ಇತ್ತು. ಹಿತ್ತಿಲಲ್ಲೇ ಮಣ್ಣಾಗಬಹುದಾಗಿದ್ದ ವಸ್ತು ಲಾರಿ ಹತ್ತಿ ಹೋಗಿ ಇನ್ನೊಬ್ಬರ ತೋಟವನ್ನು ಮುಚ್ಚಿತು.

2016ರ ಘನತ್ಯಾಜ್ಯ ನಿಯಮಗಳು ಹಸಿಕಸ, ಒಣಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು ಎಂದವು. ಬೇರೆ ಮಾಡಿದ ಹಸಿಕಸವೂ ಲಾರಿ ಹತ್ತಲೇಬೇಕು ಎಂದೇನಿಲ್ಲ.

ಹಾಗೆಂದು ಕೋಳಿಯೊಂದೇ ಕಸವನ್ನು ಮುಗಿಸುತ್ತದೆ ಎಂದರೆ ಸುಳ್ಳಾಗುತ್ತದೆ. ದೊಡ್ಡ ಕೋಳಿಯೊಂದು ದಿನಕ್ಕೆ ತಿನ್ನುವುದು ಸುಮಾರು 100 ಗ್ರಾಂ. ಅದರಲ್ಲೂ ನುಚ್ಚು, ತೌಡು, ಕಾಳು ಬೇಕು. ಬರೀ ಸಿಪ್ಪೆ ತಿಂದು ಮೊಟ್ಟೆ ಇಡುವುದಿಲ್ಲ. ಆದರೆ ಕೋಳಿ, ಗೊಬ್ಬರದ ಗುಂಡಿ, ತರಕಾರಿ ಸಾಲು ಮೂರೂ ಒಟ್ಟಿಗೆ ಇದ್ದರೆ ಮನೆಯ ಹಸಿಕಸದಲ್ಲಿ ಗೇಟಿನ ಹೊರಗೆ ಹೋಗಬೇಕಾದ್ದು ಬಹಳ ಕಡಿಮೆ. ಕೋಳಿ ತಿನ್ನದ್ದು ಗುಂಡಿಗೆ, ಗುಂಡಿಯದ್ದು ಬಸಳೆ ಬುಡಕ್ಕೆ, ಹುಳ ತಿಂದ ಬಸಳೆ ಎಲೆ ಮತ್ತೆ ಕೋಳಿಗೆ. ನಮ್ಮ ಅಜ್ಜಿಯಂದಿರು ಇದಕ್ಕೆ ಯಾವ ಹೆಸರನ್ನೂ ಇಡದೆ ಮಾಡುತ್ತಿದ್ದರು.

ಕೋಳಿ ಮತ್ತು ತರಕಾರಿ ತಾವಾಗಿಯೇ ಹೊಂದಿಕೊಳ್ಳುವುದಿಲ್ಲ ಎನ್ನುವುದೂ ಗೊತ್ತಿರಲಿ. ಎಳೆ ಹರಿವೆ ಸಾಲಿಗೆ ಕೋಳಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಕೆದಕಿ ಮುಗಿಸುತ್ತದೆ. ಸಾಲಿಗೆ ಬಲೆ ಕಟ್ಟಬೇಕು. ಬೆಳೆ ಕಿತ್ತ ಮೇಲೆ ಕೋಳಿಗಳನ್ನು ಒಳಗೆ ಬಿಟ್ಟರೆ ಹುಳ, ಕಳೆ ಎರಡನ್ನೂ ಹೆಕ್ಕುತ್ತವೆ. ಹಸಿ ಕೋಳಿಗೊಬ್ಬರ ಬಹಳ ಉಷ್ಣ, ಗಿಡದ ಬುಡ ಸುಡುತ್ತದೆ, ರೋಗಾಣುಗಳೂ ಇರುತ್ತವೆ. ಅದನ್ನು ತರಗೆಲೆ ಜೊತೆ ಬೆರೆಸಿ ಎರಡು-ಮೂರು ತಿಂಗಳು ಕೊಳೆಸಿಯೇ ಹಾಕಬೇಕು. ಹಸಿಯಾಗಿ ತಿನ್ನುವ ಮುಳ್ಳುಸೌತೆ, ಕೊತ್ತಂಬರಿಗಳ ವಿಷಯದಲ್ಲಿ ಇದನ್ನು ಮರೆಯಲೇಬಾರದು.

ಬೂಸ್ಟು ಹಿಡಿದ ಅನ್ನ, ಕಡ್ಲೆ ಹಿಂಡಿ, ಉಪ್ಪು ಜಾಸ್ತಿಯಾದ ಪದಾರ್ಥ ಕೋಳಿಗೆ ಬೇಡ. ಕೋಳಿಮಾಂಸದ ಕಸವಂತೂ ಬೇಡವೇ ಬೇಡ. ಮೀನಿನ ಕಸವನ್ನು ಬೇಯಿಸಿ ಸ್ವಲ್ಪ ಕೊಡಬಹುದು. ಸಾರಿಗೆ ತಂದ ಮರುವಾಯಿಯ ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ಇಟ್ಟರೆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ.

ಇನ್ನು ನೆರೆಯವರ ದೂರು. ಅದರಲ್ಲಿ ನ್ಯಾಯವಿದೆ. ಬಿಜೈಯಂತಹ ಕಡೆ ಬೆಳಗಿನ ಜಾವ ನಾಲ್ಕಕ್ಕೆ ಹುಂಜ ಕೂಗಿದರೆ ಪಕ್ಕದ ಫ್ಲ್ಯಾಟಿನವರು ಸಿಟ್ಟಾಗುವುದು ಸಹಜ. ಹಾಗಾಗಿ ಹುಂಜ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಮರಿ ಆಗುವುದಿಲ್ಲ ಅಷ್ಟೇ. ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾದರೆ ವಾಸನೆ ಖಂಡಿತ. ಗೂಡು ನೆಲದಿಂದ ಎತ್ತರದಲ್ಲಿರಬೇಕು, ಕೆಳಗೆ ಒಣ ತರಗೆಲೆ ಹಾಕಿ ಬದಲಿಸುತ್ತಿರಬೇಕು. ಮುಂಗುಸಿ, ಬೀದಿನಾಯಿ ಬಾರದಂತೆ ರಾತ್ರಿ ಗೂಡು ಮುಚ್ಚಬೇಕು.

ರೋಗದ ವಿಷಯದಲ್ಲೂ ಉಡಾಫೆ ಸಲ್ಲದು. ಕೊಕ್ಕರೆ ರೋಗ ಬಂದರೆ ಗೂಡಿಗೆ ಗೂಡೇ ಖಾಲಿಯಾಗುತ್ತದೆ. ಅದಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಸುತ್ತಮುತ್ತಲಿನ ಮನೆಗಳಲ್ಲಿ ಸಾಕಿದ್ದ ಕೋಳಿಗಳನ್ನೂ ಕೊಲ್ಲಬೇಕಾಯಿತು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಮುಚ್ಚಿಡದೆ ತಿಳಿಸುವುದು ಸಾಕುವವರ ಜವಾಬ್ದಾರಿ.

ಮನೆಯೊಳಗೆ ಇನ್ನೊಂದು ಮಾತು ಮೊದಲೇ ಆಗಬೇಕು. ಕೈಯಿಂದ ಕಾಳು ತಿನ್ನಿಸಿ ಬೆಳೆಸಿದ ಕೋಳಿಗೆ ಮನೆಯವರ ಪರಿಚಯ ಇರುತ್ತದೆ. ಮಕ್ಕಳು ಅದಕ್ಕೆ ಹೆಸರಿಡುತ್ತಾರೆ, ಶಾಲೆಯಿಂದ ಬಂದ ಕೂಡಲೇ ಗೂಡಿನ ಹತ್ತಿರ ಹೋಗುತ್ತಾರೆ. ಮೊಟ್ಟೆ ನಿಲ್ಲಿಸಿದ ಮೇಲೂ ಅದು ವರ್ಷಗಟ್ಟಲೆ ಬದುಕಬಹುದು. ಆಗ ಅದನ್ನು ಸಾಕುವುದೋ, ಸಾರು ಮಾಡುವುದೋ? ನಮ್ಮ ಕರಾವಳಿಯಲ್ಲಿ ಎರಡೂ ಇದೆ. ಯಾವುದು ಸರಿ ಎಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಕೊಯ್ಯುವುದು ಮಾತ್ರ ಸರಿಯಲ್ಲ.

ಮಹಾನಗರಪಾಲಿಕೆ ಮಾಡಬಹುದಾದ್ದು ಸರಳವಾಗಿದೆ. ಇಷ್ಟು ಜಾಗಕ್ಕೆ ಇಷ್ಟು ಹೇಂಟೆ, ಹುಂಜ ಇಲ್ಲ, ನೆರೆಮನೆಯಿಂದ ಇಂತಿಷ್ಟು ದೂರ, ಲಸಿಕೆ ಕಡ್ಡಾಯ ಎಂದು ಒಂದು ಪುಟದ ನಿಯಮ ಮಾಡಲಿ. ಹಸಿಕಸ ಮನೆಯಲ್ಲೇ ಮುಗಿಸುವವರಿಗೆ ಕಸದ ಶುಲ್ಕದಲ್ಲಿ ರಿಯಾಯಿತಿ ಎನ್ನುವಾಗ ಪೈಪ್ ಕಾಂಪೋಸ್ಟ್ ಇಟ್ಟವರ ಜೊತೆ ಕೋಳಿ-ತರಕಾರಿ ಮನೆಯವರನ್ನೂ ಸೇರಿಸಲಿ. ಫ್ಲ್ಯಾಟಿನವರಿಗೆ ಕೋಳಿ ಆಗದು, ಸರಿ. ಗೊಬ್ಬರವೂ ಟೆರೇಸಿನ ತೊಂಡೆ ಬಳ್ಳಿಯೂ ಆಗುತ್ತದಲ್ಲ?

ಹಳ್ಳಿಯ ಓದುಗರಿಗೂ ಒಂದು ಮಾತು. ನಮ್ಮಲ್ಲಿ ಎಷ್ಟು ಹಿತ್ತಿಲುಗಳಲ್ಲಿ ಈಗ ಅಲಸಂಡೆ, ಬೆಂಡೆ ಇದೆ? ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಕೋಳಿಗೆ ಕೆದಕಲು ಮಣ್ಣೇ ಇಲ್ಲ. ನಾವೂ ಫಾರ್ಮ್ ಮೊಟ್ಟೆ, ಘಟ್ಟದ ತರಕಾರಿ ತರುತ್ತೇವೆ. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿ ನಿಂತರೆ ತರಕಾರಿಗೆ ಏನು ಮಾಡುವುದು ಎಂದು ಯೋಚಿಸುತ್ತೇವೆ. ಕಸವನ್ನು ಪಂಚಾಯತ್ ಗಾಡಿಗೆ ಕೊಟ್ಟು ಮರೆತುಬಿಡುತ್ತೇವೆ. ಆ ಗಾಡಿಯೂ ಎಲ್ಲೋ ಒಂದು ಕಡೆ ಖಾಲಿಯಾಗಬೇಕು.

ಬಿಜೈಯಂತಹ ಕಡೆ ಐದು ಸೆಂಟ್ಸ್ ಜಾಗದಲ್ಲಿ ಆಗುವುದು ನಮ್ಮ ಐವತ್ತು ಸೆಂಟ್ಸಿನಲ್ಲಿ ಆಗದೇ? ಈ ಮಳೆ ನಿಂತ ಮೇಲೆ ಎರಡು ಸಾಲು ಹರಿವೆ ಬಿತ್ತಿ, ಬೇಲಿ ಬದಿಯಲ್ಲಿ ನಾಲ್ಕು ತುಂಡು ಬಸಳೆ ಬಳ್ಳಿ ಊರಿ. ಕೋಳಿ ತರುವುದು ಅದರ ಮೇಲೆ. ಬಲೆ ಮಾತ್ರ ಮೊದಲೇ ಕಟ್ಟಿಡಿ.