ನಿಂತ ಗಾಡಿಯ ಲೆಕ್ಕ

ಬೋಗಾದಿ ಮೈಸೂರಿನ ಪಡುವಣ ಅಂಚಿನ ಊರು. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದುದು ಇಂದು ಬಡಾವಣೆಗಳ ಸಮೂಹವಾಗಿದೆ. ಇಲ್ಲಿಂದ ನಗರದ ಕಡೆಗೆ ಹೊರಟ ರಸ್ತೆಯು ಮಾನಸಗಂಗೋತ್ರಿಯ ದಕ್ಷಿಣದ ಮಗ್ಗುಲಲ್ಲಿ ಸಾಗುತ್ತದೆ. ಬೆಳಗಿನ ಒಂಬತ್ತೂವರೆಯ ಹೊತ್ತಿಗೆ ಈ ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಂದೊಂದು ಸ್ಕೂಟರಿನ ಮೇಲೆ ಒಬ್ಬೊಬ್ಬ ವಿದ್ಯಾರ್ಥಿ, ಒಂದೊಂದು ಕಾರಿನೊಳಗೆ ಒಬ್ಬೊಬ್ಬ ಅಧ್ಯಾಪಕ, ಹೀಗೆ ಒಂದು ಪ್ರವಾಹವೇ ಹರಿದುಹೋಗುವುದು ಕಾಣುತ್ತದೆ. ಆ ಪ್ರವಾಹದಲ್ಲಿ ನಾನೂ ಒಬ್ಬನಾದುದರಿಂದ, ಮುಂದೆ ಬರೆಯಲಿರುವ ದೂರಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗಾಡಿಗಳು ಓಡುತ್ತಿರುವವರೆಗೆ ತೊಂದರೆ ಅಷ್ಟಿಲ್ಲ, ನಿಂತಾಗಲೇ ತೊಂದರೆ. ವಿಭಾಗದ ಮುಂದಿನ ಮರದ ನೆರಳು ತುಂಬಿದ ಮೇಲೆ ಬಂದವನು ದಾರಿಯಲ್ಲಿ ನಿಲ್ಲಿಸುತ್ತಾನೆ, ದಾರಿಯೂ ತುಂಬಿದ ಮೇಲೆ ಬಂದವನು ಹುಲ್ಲಿನ ಮೇಲೆ ಹತ್ತಿಸುತ್ತಾನೆ. ಕೊನೆಗೆ ಎಲ್ಲರೂ ಕೂಡಿ, ಇಲ್ಲಿ ಸ್ಥಳ ಸಾಲದು, ಇನ್ನಷ್ಟು ನೆಲವನ್ನು ಸಮಮಾಡಿ ಸಿಮೆಂಟು ಹಾಕಬೇಕೆಂದು ತೀರ್ಮಾನಿಸುತ್ತಾರೆ. ಮಾನಸಗಂಗೋತ್ರಿಯ ವಿಸ್ತಾರ 739 ಎಕರೆ. 1960ರಲ್ಲಿ ಕುವೆಂಪು ಅವರು ಈ ಹೆಸರನ್ನಿಟ್ಟಾಗ ಅವರ ಕಣ್ಣ ಮುಂದಿದ್ದುದು ಮರ, ಬಯಲು ಮತ್ತು ಬಗಲಲ್ಲೇ ಇರುವ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆ ಕೆರೆ ಇನ್ನೂ ಅಲ್ಲಿದೆ. ಸಿಮೆಂಟು ಬಿದ್ದ ನೆಲ ಮಳೆಯನ್ನು ಕುಡಿಯುವುದಿಲ್ಲ, ಹರಿಯಬಿಡುತ್ತದೆ. ಗಾಡಿಗಳಿಂದ ಸೋರಿದ ಎಣ್ಣೆಯನ್ನೂ ಅದರೊಡನೆ ಕಳುಹಿಸುತ್ತದೆ. ಆದುದರಿಂದ ಒಮ್ಮೆ ಸಿಮೆಂಟು ಹಾಕುವ ಮುನ್ನ, ಸ್ಥಳ ನಿಜವಾಗಿಯೂ ಸಾಲದೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ನಮ್ಮ ಕರ್ತವ್ಯ. ಭೌತಶಾಸ್ತ್ರ ಓದಿದವನಿಗೆ ಲೆಕ್ಕವೆಂದರೆ ಸ್ವಲ್ಪ ಚಪಲವೂ ಉಂಟು.

ಮೊದಲು ಅಳತೆ. ಒಂದು ಕಾರು ನಿಲ್ಲಲು ಅಗಲ 2.5 ಮೀಟರು, ಉದ್ದ 5 ಮೀಟರು, ಅಂದರೆ 12.5 ಚದರ ಮೀಟರು ನೆಲ ಬೇಕು. ಅದು ಒಳಗೆ ಬರಲು, ತಿರುಗಲು, ಹೊರಗೆ ಹೋಗಲು ಹೆಚ್ಚುಕಡಿಮೆ ಅಷ್ಟೇ ದಾರಿ ಬೇಕು. ಒಟ್ಟು 25 ಚದರ ಮೀಟರು. ಪಾಠದ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿಗೆ ನಾವು ಕೊಡುವ ನೆಲ ಒಂದು ಚದರ ಮೀಟರಿಗಿಂತ ಬಹಳ ಹೆಚ್ಚೇನಲ್ಲ. ಹೀಗಾಗಿ, ಒಬ್ಬನೇ ಕಾರಿನಲ್ಲಿ ಬಂದ ಅಧ್ಯಾಪಕನು ಇಪ್ಪತ್ತು ಮಂದಿ ಕುಳಿತು ಕೇಳುವ ತರಗತಿಯಷ್ಟು ನೆಲವನ್ನು, ತಾನು ಒಳಗೆ ಪಾಠ ಹೇಳುತ್ತಿರುವಾಗ, ಹೊರಗೆ ಬೀಗ ಹಾಕಿ ಇಟ್ಟಿರುತ್ತಾನೆ.

ಎರಡನೆಯದು ಕಾಲ. ಇದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ನೂರು ಕಾರು ಹಿಡಿಯುವ ಅಂಗಳವೊಂದಿದೆ, ದಿನಕ್ಕೆ ಎಂಟು ಗಂಟೆ ತೆರೆದಿರುತ್ತದೆ ಎಂದು ಭಾವಿಸೋಣ. ಬಂದ ಪ್ರತಿಯೊಂದು ಕಾರೂ ಆರು ಗಂಟೆ ನಿಂತರೆ ಆ ಅಂಗಳವು ದಿನಕ್ಕೆ ಸುಮಾರು 133 ಕಾರುಗಳಿಗೆ ಮಾತ್ರ ಎಡೆ ಕೊಡಬಲ್ಲುದು. ಪ್ರತಿಯೊಂದೂ ಒಂದೇ ಗಂಟೆ ನಿಂತರೆ ಅದೇ ಅಂಗಳ 800 ಕಾರುಗಳಿಗೆ ಸಾಕು. ಒಂದು ಅಂಗುಲ ಸಿಮೆಂಟೂ ಹೆಚ್ಚಲಿಲ್ಲ, ಎಡೆ ಆರರಷ್ಟಾಯಿತು! ಯಾವುದೇ ಸ್ಥಳದಲ್ಲಿ ಸರಾಸರಿಯಾಗಿ ಇರುವವರ ಸಂಖ್ಯೆಯು, ಬರುವ ವೇಗವನ್ನು ಇರುವ ಅವಧಿಯಿಂದ ಗುಣಿಸಿದಷ್ಟಾಗುತ್ತದೆ ಎಂಬ ಈ ನಿಯಮವನ್ನು 1961ರಲ್ಲಿ ಗಣಿತದ ಕಟ್ಟುನಿಟ್ಟಿನಿಂದ ಸಾಧಿಸಿದವನು ಅಮೆರಿಕದ ಜಾನ್ ಲಿಟಲ್. ಆಸ್ಪತ್ರೆಯ ಹಾಸಿಗೆಗಳಿಗೂ ಹೋಟೆಲಿನ ಮೇಜುಗಳಿಗೂ ಈ ನಿಯಮ ಸಲ್ಲುತ್ತದೆ. ಉಪ್ಪಿಟ್ಟು ತಿಂದು ಮುಗಿಸಿದವನು ಎದ್ದುಹೋಗಲೆಂದು ಮಾಲೀಕನು ಪಕ್ಕದಲ್ಲೇ ಸುಳಿದಾಡುವುದು ಏಕೆಂದು ಈಗ ತಿಳಿಯಿತಷ್ಟೆ?

ಇನ್ನು ಮೂರನೆಯದು ಕ್ರಮ. ಗೆರೆ ಎಳೆಯದ ರಸ್ತೆಯ ಅಂಚಿನಲ್ಲಿ ಒಬ್ಬೊಬ್ಬರೂ ತಮಗೆ ತೋಚಿದಲ್ಲಿ ಕಾರು ನಿಲ್ಲಿಸುತ್ತಾರೆ. ಎರಡು ಕಾರುಗಳ ನಡುವೆ ಮುಕ್ಕಾಲು ಕಾರಿನಷ್ಟು ಎಡೆ ಉಳಿದರೆ ಅದು ಯಾರಿಗೂ ಬಾರದು. ಹೀಗೆ ಇನ್ನೊಂದು ಕಾರೂ ಹಿಡಿಯದಂತಾದಾಗ ಅಂಚಿನ ಎಷ್ಟು ಭಾಗ ತುಂಬಿರುತ್ತದೆ? ಹಂಗೇರಿಯ ಗಣಿತಜ್ಞ ಆಲ್ಫ್ರೆಡ್ ರೇನಿ 1958ರಲ್ಲಿ ಇದಕ್ಕೆ ಉತ್ತರ ಕೊಟ್ಟನು. ಅಂಚು ಬಹಳ ಉದ್ದವಾಗಿದ್ದರೆ, ಸರಾಸರಿ ನೂರಕ್ಕೆ 74.76 ಭಾಗ ತುಂಬುತ್ತದೆ, ಉಳಿದ ಕಾಲುಪಾಲು ವ್ಯರ್ಥ. ಲೋಹದ ಅಥವಾ ಗಾಜಿನ ಮೈಗೆ ಅಣುಗಳು ಬಂದು ಕದಲದಂತೆ ಅಂಟಿಕೊಳ್ಳುವುದನ್ನು ಅಭ್ಯಸಿಸುವ ಭೌತಶಾಸ್ತ್ರಜ್ಞರು ಇದೇ ಗಣಿತವನ್ನು ಬಳಸುತ್ತಾರೆ.

ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮೀಟರು ಉದ್ದದ ಗೆರೆಯೆಳೆದು, ನಾಲ್ಕು ಸೆಂಟಿಮೀಟರಿನ ಕಡ್ಡಿಗಳನ್ನು ಕತ್ತರಿಸಿಟ್ಟುಕೊಳ್ಳಿ. 0ಯಿಂದ 9ರವರೆಗೆ ಬರೆದ ಹತ್ತು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಮೂರು ಬಾರಿ ಎತ್ತಿ, ಪ್ರತಿಸಲವೂ ಚೀಟಿಯನ್ನು ಮರಳಿ ಹಾಕಿರಿ. ಬಂದ ಮೂರಂಕಿಯ ಸಂಖ್ಯೆಯೇ ಮಿಲಿಮೀಟರುಗಳಲ್ಲಿ ಕಡ್ಡಿಯ ಎಡತುದಿಯ ಸ್ಥಾನ. ಕಡ್ಡಿ ಇನ್ನೊಂದರ ಮೇಲೆ ಬಿದ್ದರೆ, ಅಥವಾ ಗೆರೆಯಿಂದ ಹೊರಗೆ ಚಾಚಿದರೆ, ಆ ಸಂಖ್ಯೆಯನ್ನು ಬಿಟ್ಟುಬಿಡಿ. ಒತ್ತಾಗಿ ಜೋಡಿಸಿದರೆ 25 ಕಡ್ಡಿ ಹಿಡಿಯುವ ಆ ಗೆರೆಯಲ್ಲಿ ನಿಮಗೆ 18 ಅಥವಾ 19ರ ಆಸುಪಾಸಿನಲ್ಲಿ ಎಡೆ ಮುಗಿದಿರುತ್ತದೆ. ಕೊನೆಯ ಒಂದೆರಡು ಕಡ್ಡಿಗಳಿಗೆ ಬಹಳ ಹೊತ್ತು ಚೀಟಿ ಎತ್ತಬೇಕಾಗುತ್ತದೆ, ತಾಳ್ಮೆ ಇರಲಿ. ಕಾರುಗಳಿಗೆ ಹೊರಬರಲು ಸ್ವಲ್ಪ ಬಿಡುವು ಬೇಕೇ ಬೇಕಾದುದರಿಂದ ಉಳಿದ ಎಡೆಯೆಲ್ಲವೂ ನಮಗೆ ದಕ್ಕುವುದಿಲ್ಲ, ನಿಜ. ಆದರೂ ಒಂದು ಡಬ್ಬಿ ಬಿಳಿಯ ಬಣ್ಣದಿಂದ ದೊರೆಯುವ ಸ್ಥಳವನ್ನು ಮರ ಕಡಿದು ಪಡೆಯುವುದು ಬುದ್ಧಿವಂತಿಕೆಯಲ್ಲ.

ಗೆರೆ ಎಳೆದುದಾಯಿತು. ಆದರೆ ಬೆಳಗ್ಗೆ ಬಂದು ಸಂಜೆಯವರೆಗೆ ನಿಂತಿರುವ ಗಾಡಿಯನ್ನು ಕದಲಿಸುವುದು ಹೇಗೆ? ಇದೇ ಪ್ರಶ್ನೆ 1930ರ ದಶಕದಲ್ಲಿ ಅಮೆರಿಕದ ಒಕ್ಲಹಾಮಾ ನಗರದ ವರ್ತಕರಿಗೆ ಬಂದಿತ್ತು. ಪೇಟೆಯಲ್ಲಿ ಕೆಲಸ ಮಾಡುವವರೇ ದಿನವಿಡೀ ಅಂಗಡಿಗಳ ಮುಂದೆ ಕಾರು ನಿಲ್ಲಿಸುತ್ತಿದ್ದುದರಿಂದ ಗಿರಾಕಿಗಳಿಗೆ ಎಡೆಯಿರಲಿಲ್ಲ. ಪತ್ರಿಕಾ ಸಂಪಾದಕನಾಗಿದ್ದ ಕಾರ್ಲ್ ಮಗೀ ಎಂಬವನು ಇದಕ್ಕೊಂದು ಯಂತ್ರವನ್ನು ಕಲ್ಪಿಸಿ, ಆ ರಾಜ್ಯದ ಕೃಷಿ ಮತ್ತು ಯಂತ್ರವಿದ್ಯಾ ಕಾಲೇಜಿನ ವಿದ್ಯಾರ್ಥಿಗಳಿಗೆ ಸ್ಪರ್ಧೆ ಏರ್ಪಡಿಸಿದನು. ವಿದ್ಯಾರ್ಥಿಗಳ ನಮೂನೆಗಳು ಕೈಹತ್ತಲಿಲ್ಲ. ಅಲ್ಲಿಯ ಪ್ರಾಧ್ಯಾಪಕ ಥೂಸನ್ನನೂ ಅವನ ಜೊತೆಗಾರ ಜೆರಾಲ್ಡ್ ಹೇಲನೂ ಸೇರಿ ಗಡಿಯಾರದಂತೆ ನಡೆಯುವ ಯಂತ್ರವನ್ನು ಕಟ್ಟಿದರು. 1935ರ ಜುಲೈ 16ರಂದು ಅದು ರಸ್ತೆಯ ಬದಿಯಲ್ಲಿ ನಿಂತಿತು. ಗಂಟೆಗೆ ಐದು ಸೆಂಟು ನಾಣ್ಯ ಹಾಕಿದರೆ ಮುಳ್ಳು ತಿರುಗುವುದು, ಕಾಲ ಮುಗಿದರೆ ಸೂಚನೆ ಕಾಣುವುದು. ಅದು ಮಾರಿದ್ದು ನೆಲವನ್ನಲ್ಲ, ಗಂಟೆಯನ್ನು. ಕಾಲೇಜಿನ ಕಾರ್ಯಾಗಾರದಲ್ಲಿ ಹುಟ್ಟಿದ ವ್ಯಾಪಾರವೊಂದು ಹೀಗೆ ಲೋಕವನ್ನೆಲ್ಲ ಸುತ್ತಿತು.

ಆ ಬಳಿಕ ಇದರ ಅರ್ಥಶಾಸ್ತ್ರವನ್ನು ಆಳವಾಗಿ ಶೋಧಿಸಿದವನು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. ಬಿಟ್ಟಿಯಾಗಿ ಕೊಟ್ಟ ನಿಲುಗಡೆಗೆ ಯಾರೋ ಒಬ್ಬರು ಬೆಲೆ ತೆರುತ್ತಲೇ ಇರುತ್ತಾರೆ ಎಂಬುದು 2005ರಲ್ಲಿ ಬಂದ ಅವನ ದೊಡ್ಡ ಗ್ರಂಥದ ವಾದ. ಬಾಡಿಗೆಯನ್ನು ಎಷ್ಟಿಡಬೇಕೆಂದರೆ, ನೂರು ಎಡೆಗಳಲ್ಲಿ ಸುಮಾರು ಹದಿನೈದು ಯಾವಾಗಲೂ ಖಾಲಿಯಿರುವಷ್ಟು ಇಡಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಅವನು ಹೇಳಿದನು. ಅವನ ಸ್ವಂತ ವಿಶ್ವವಿದ್ಯಾನಿಲಯವು 2000ದಲ್ಲಿ ಗುರುತಿನ ಚೀಟಿ ತೋರಿಸಿದವರಿಗೆ ನಗರದ ಬಸ್ಸಿನಲ್ಲಿ ಪ್ರಯಾಣವನ್ನು ಉಚಿತವಾಗಿಸಿ, ಬಸ್ಸಿನವರಿಗೆ ತಾನೇ ಹಣ ಕೊಟ್ಟಿತು. ಕಟ್ಟಡ ಕಟ್ಟುವ ಖರ್ಚಿಗಿಂತ ಅದು ಅಗ್ಗ.

ಹಾಗಾದರೆ ನಮ್ಮಲ್ಲಿ ಏನು ಮಾಡಬಹುದು? ನನ್ನ ಯೋಜನೆ ಇಷ್ಟು. ಬೋಗಾದಿಯ ಬಡಾವಣೆಗಳಲ್ಲಿ ಮನೆ ಏಳದ ನಿವೇಶನಗಳಿವೆ. ಮೈಸೂರಿನ ಕಲ್ಯಾಣ ಮಂಟಪಗಳ ಅಂಗಳಗಳಂತೂ ಮುಹೂರ್ತವಿಲ್ಲದ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಕೋ ಎನ್ನುತ್ತವೆ. ಆಷಾಢದಲ್ಲಿ ಒಂದು ತಿಂಗಳು, ಧನುರ್ಮಾಸದಲ್ಲಿ ಇನ್ನೊಂದು ತಿಂಗಳು, ಪೂರ್ತಿ ಬಿಡುವು. ಇಂಥ ಅಂಗಳವೊಂದನ್ನು ವಿದ್ಯಾರ್ಥಿಗಳ ಸಹಕಾರ ಸಂಘವೊಂದು ಕೆಲಸದ ದಿನಗಳಿಗೆ ಮಾತ್ರ ಬಾಡಿಗೆಗೆ ಹಿಡಿಯಲಿ. ದಿನವಿಡೀ ನಿಲ್ಲುವ ಗಾಡಿಗೆ ಅಲ್ಲಿ ಉಚಿತ ಎಡೆ, ಕಾವಲುಗಾರ, ಮತ್ತು ಅಲ್ಲಿಂದ ವಿಭಾಗಕ್ಕೆ ಹೋಗಲು ಒಂದು ಸೈಕಲ್ಲು. ಆದರೆ ವಿಭಾಗದ ಬಾಗಿಲಿನ ನೆರಳಿಗೆ ಗಂಟೆಗೆ ಬಾಡಿಗೆ. ರೋಗಿಗಳಿಗೆ, ಅಂಗವಿಕಲರಿಗೆ ಬಾಗಿಲ ಬಳಿಯೂ ಉಚಿತ. ಬಾಗಿಲ ಬಳಿಯ ಬಾಡಿಗೆ ವಿಶ್ವವಿದ್ಯಾನಿಲಯಕ್ಕೆ ಸಲ್ಲತಕ್ಕದ್ದು. ಅದನ್ನು ಸಂಘಕ್ಕೆ ಒಪ್ಪಿಸಿದರೆ ಮಾತ್ರ ಈ ವ್ಯಾಪಾರ ನಡೆಯುತ್ತದೆ. ದೂರದ ಅಂಗಳಕ್ಕೆ ಹಣ ಕೇಳಿ, ಹತ್ತಿರದ ನೆರಳನ್ನು ಬಿಟ್ಟಿ ಬಿಟ್ಟರೆ ಯಾರು ತಾನೆ ದೂರ ಹೋದಾರು? ಇಂಥ ಉದ್ಯಮಗಳು ಸೋಲುವುದು ಇಲ್ಲಿಯೇ.

ಸೈಕಲ್ಲಿನ ಯೋಚನೆ ಹೊಸದಲ್ಲ. 1965ರಲ್ಲಿ ಆಮ್‌ಸ್ಟರ್‌ಡಾಮಿನ ತರುಣರು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ, ಬೇಕಾದವರು ಬಳಸಲೆಂದು ಬೀದಿಯಲ್ಲಿಟ್ಟರು. ಬೀಗ ಹಾಕದ ಸೈಕಲ್ಲು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಯಾರು ಒಯ್ದರೆಂಬುದು ತಿಳಿಯುವಂತೆ ಕಾರ್ಡು ತೋರಿಸಿ ಸೈಕಲ್ಲು ಪಡೆಯುವ ಏರ್ಪಾಡು ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದಲ್ಲಿ 1996ರಲ್ಲಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2012ರಲ್ಲಿ ‘ನಮ್ಮ ಸೈಕಲ್’ ಆರಂಭವಾಯಿತು. 2017ರ ಜೂನ್‌ನಲ್ಲಿ ನಮ್ಮ ಮೈಸೂರಿನಲ್ಲೇ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ 450 ಸೈಕಲ್ಲುಗಳು, ಸುಮಾರು 50 ನಿಲ್ದಾಣಗಳೊಡನೆ ರಸ್ತೆಗಿಳಿದವು. ಊರಿಗಿಂತ ವಿದ್ಯಾಲಯದ ಆವರಣಕ್ಕೆ ಇದು ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಎಲ್ಲರ ಕೈಯಲ್ಲೂ ಗುರುತಿನ ಚೀಟಿ ಉಂಟು, ದೂರ ಕಡಿಮೆ, ಸೈಕಲ್ಲು ಬಿಟ್ಟುಹೋದರೂ ಬೇಲಿಯೊಳಗೇ ಇರುತ್ತದೆ.

ಈಗ ಜಮಾಖರ್ಚು. ಇಲ್ಲಿಯ ಅಂಕಿಗಳೆಲ್ಲ ನನ್ನ ಊಹೆ. ನೀವು ಬದಲಾಯಿಸಿ ನೋಡಬಹುದು. ಬಾಗಿಲ ಬಳಿ ನೂರು ಎಡೆ, ಶೂಪ್ ಹೇಳಿದಂತೆ 85 ತುಂಬಿದ್ದು, ಗಂಟೆಗೆ 5 ರೂಪಾಯಿಯಂತೆ ಎಂಟು ಗಂಟೆಗೆ ದಿನದ ಹುಟ್ಟುವಳಿ 3,400 ರೂಪಾಯಿ. 22 ದಿನಕ್ಕೆ 74,800. ಇಬ್ಬರು ಕಾವಲುಗಾರರಿಗೆ 30,000, ಸೈಕಲ್ಲು ರಿಪೇರಿಯವನಿಗೆ 18,000, ಅಂಗಳದ ಬಾಡಿಗೆ 15,000. ಉಳಿಯುವುದು 11,800. ಏಳು ಸಾವಿರದಂತೆ ನೂರು ಸೈಕಲ್ಲು ಕೊಂಡರೆ ಏಳು ಲಕ್ಷ ಸಾಲ ತೀರಲು ಐದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಸೈಕಲ್ಲುಗಳೇ ತೀರಿಹೋಗಿರುತ್ತವೆ. ಐವತ್ತು ಸೈಕಲ್ಲಾದರೆ ಎರಡೂವರೆ ವರ್ಷ. ಆದುದರಿಂದ ಐವತ್ತೇ ಸಾಕು.

ಐವತ್ತರಿಂದ ಬೆಳಗಿನ ನೂಕುನುಗ್ಗಲು ಬಗೆಹರಿಯುವುದೇ? ಇಲ್ಲ. ಬೆಳಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಿಂದ ಒಂದು ಸೈಕಲ್ಲು ಒಬ್ಬನನ್ನು ಮುಟ್ಟಿಸಿ ಅಲ್ಲೇ ನಿಲ್ಲುತ್ತದೆ. ಗೂಡ್ಸ್ ಆಟೋದಲ್ಲಿ ಹನ್ನೆರಡರಂತೆ ಮರಳಿ ತಂದು, ಗಂಟೆಗೆ ಮೂರು ಸುತ್ತು ಹಾಕಿದರೂ ಸೇರುವುದು ಇನ್ನು 36 ಮಂದಿ, ಒಟ್ಟು 86. ನಲವತ್ತು ಆಸನದ ಬಸ್ಸೊಂದು ಕಾಲು ಗಂಟೆಗೊಂದು ಸುತ್ತು ಹಾಕಿದರೆ ಅದೇ ಒಂದು ಗಂಟೆಯಲ್ಲಿ 160 ಮಂದಿಯನ್ನು ಮುಟ್ಟಿಸುತ್ತದೆ. ಬೆಳಗ್ಗೆ ಸಂಜೆ ಬಸ್ಸು, ಹಗಲಿನಲ್ಲಿ ಗ್ರಂಥಾಲಯಕ್ಕೂ ಕ್ಯಾಂಟೀನಿಗೂ ಓಡಾಡಲು ಸೈಕಲ್ಲು, ಇದೇ ಸರಿಯೆಂದು ನನಗೆ ತೋರುತ್ತದೆ. ಬಸ್ಸಿನ ಖರ್ಚು ಸೇರಿಸಿದರೆ ಮೇಲಿನ ಉಳಿತಾಯ ಮಾಯವಾಗುತ್ತದೆ. ಆ ಹಣವನ್ನು ವಿಶ್ವವಿದ್ಯಾನಿಲಯವು ಕೊಡಬೇಕು. ಸಿಮೆಂಟಿಗಾದರೂ ಅದು ಕೊಡಲೇಬೇಕಾಗುತ್ತಿತ್ತಲ್ಲ. ಒಂದು ಕಿಲೋಮೀಟರು ನಡೆಯಲು ಹನ್ನೆರಡು ನಿಮಿಷ ಸಾಕೆಂಬುದನ್ನೂ ನೆನಪಿಡೋಣ.

ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನೆಲ್ಲ ಕೇಳಿ ಒಂದು ಮಾತು ಹೇಳಿದಳು. “ಸರ್, 2023ರಿಂದ ನಮಗೆ ಬಸ್ಸು ಉಚಿತ. ಆದರೂ ನಾನು ಸ್ಕೂಟರಿನಲ್ಲಿ ಬರುವುದು ಏಕೆ ಗೊತ್ತೆ? ಪ್ರಯೋಗ ಮುಗಿಯುವುದು ಐದೂವರೆಗೆ. ಆಮೇಲೆ ನಮ್ಮ ಊರಿನ ಬಸ್ಸು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.” ನನ್ನ ಲೆಕ್ಕದಲ್ಲಿ ಈ ಅಂಕಿ ಇರಲಿಲ್ಲ. ಗಾಡಿ ತರುವವರೆಲ್ಲ ಷೋಕಿಗೆ ತರುವವರಲ್ಲ. ಅವಳ ಸ್ಕೂಟರಿಗೆ ದೂರದ ಅಂಗಳದಲ್ಲಿ ಉಚಿತ ಎಡೆಯಂತೂ ಇದೆ. ಆದರೆ ಕತ್ತಲಾದ ಮೇಲೆ ಆ ಅಂಗಳದವರೆಗಿನ ದಾರಿಗೆ ದೀಪ ಬೇಕು, ಸಂಜೆಯ ಬಸ್ಸು ಆರೂವರೆಯವರೆಗೆ ಓಡಬೇಕು, ಕಾವಲುಗಾರನು ಏಳರವರೆಗೆ ಇರಬೇಕು. ಖರ್ಚಿನ ಪಟ್ಟಿಗೆ ಇವುಗಳನ್ನು ಸೇರಿಸಿ, ಬಾಗಿಲ ಬಳಿಯ ಬಾಡಿಗೆಯನ್ನು ಗಂಟೆಗೆ ಏಳು ರೂಪಾಯಿಗೆ ಏರಿಸಿದ್ದೇನೆ. ಕಾರು ನಿಲ್ಲಿಸುವ ನನ್ನ ಸಹೋದ್ಯೋಗಿಗಳು ಈ ಅಂಕಿಯನ್ನು ಇನ್ನೂ ನೋಡಿಲ್ಲ.