ಮಳೆನಾಡಿನ ಮರದ ಕಿಟಕಿ

ಪುತ್ತೂರು, ಸುಳ್ಯ ಹಾಗೂ ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಕಡಬ, ಇವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪಶ್ಚಿಮಘಟ್ಟದ ಮಗ್ಗುಲಿಗೆ ಹರಡಿಕೊಂಡಿರುವ ಪ್ರದೇಶಗಳು. ಕುಮಾರಧಾರೆಯೂ ಪಯಸ್ವಿನಿಯೂ ಹರಿಯುವ ಈ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಮಳೆ ಬಿಟ್ಟ ಮೇಲೆ ಬಿಸಿಲು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬೆವರಿಳಿಸುವ ಸೆಕೆ. ಇಂತಹ ನಾಡಿನಲ್ಲಿ ಮನೆಯ ಕಿಟಕಿ ಪರಸ್ಪರ ವಿರುದ್ಧವಾದ ಕೆಲಸಗಳನ್ನು ಮಾಡಬೇಕಾಗುತ್ತದೆ. ಅದು ಗಾಳಿಯನ್ನು ಬಿಡಬೇಕು, ನೀರನ್ನು ತಡೆಯಬೇಕು. ಬೆಳಕನ್ನು ಕರೆಯಬೇಕು, ಕಳ್ಳನನ್ನು ದೂರವಿಡಬೇಕು. ವರ್ಷದಲ್ಲಿ ನಾಲ್ಕು ತಿಂಗಳು ನೀರು ಕುಡಿದು ಉಬ್ಬುವ, ಉಳಿದ ತಿಂಗಳುಗಳಲ್ಲಿ ಒಣಗಿ ಕುಗ್ಗುವ ಮರದಿಂದಲೇ ಇದನ್ನೆಲ್ಲ ಸಾಧಿಸಿದವರು ಇಲ್ಲಿನ ಬಡಗಿಗಳು. ಊರಿನ ಜನ ಇವರನ್ನು ಆಚಾರಿಗಳೆಂದು ಕರೆಯುತ್ತಾರೆ.

ಒಳ್ಳೆಯ ಕಿಟಕಿಯ ಕೆಲಸ ಉಳಿಯಿಂದಲ್ಲ, ಮರದ ಆಯ್ಕೆಯಿಂದ ಆರಂಭವಾಗುತ್ತದೆ. ಮನೆಯ ಹಿತ್ತಿಲಲ್ಲಿ ಬೆಳೆದ ಹಲಸು, ಕಾಡಿನ ಹೆಬ್ಬಲಸು, ಬೋಗಿ, ತೇಗ ಇವು ಹಿಂದಿನಿಂದಲೂ ಮನ್ನಣೆ ಪಡೆದ ಮರಗಳು. ಇವುಗಳಲ್ಲಿಯೂ ನಡುವಿನ ತಿರುಳು ಮಾತ್ರ ಕಿಟಕಿಗೆ ಯೋಗ್ಯ. ಹೊರಸುತ್ತಿನ ಬಿಳಿಯ ಎಳೆಮರವನ್ನು ಗೆದ್ದಲು ಮೊದಲು ಹುಡುಕಿಕೊಂಡು ಬರುತ್ತದೆ. ಹಲಸಿನ ತಿರುಳು ಕೊಯ್ದಾಗ ಅರಸಿನದ ಬಣ್ಣದ್ದಾಗಿದ್ದು, ಗಾಳಿ ಬೆಳಕು ಸೋಕಿದಂತೆ ಕೆಂಗಂದಾಗುತ್ತದೆ. ಆಗ್ನೇಯ ಏಷ್ಯದ ಬೌದ್ಧ ಭಿಕ್ಷುಗಳ ಕಾಷಾಯ ವಸ್ತ್ರಕ್ಕೆ ಬಣ್ಣ ಕಟ್ಟುತ್ತಿದ್ದುದು ಇದೇ ತಿರುಳಿನ ಚಕ್ಕೆಗಳಿಂದ. ಕೃಷ್ಣಪಕ್ಷದಲ್ಲಿ ಕಡಿದ ಮರಕ್ಕೆ ಹುಳು ಬೀಳುವುದಿಲ್ಲವೆಂದು ಹಿರಿಯರು ನಂಬುತ್ತಿದ್ದರು. ಚಂದ್ರನ ಮಾತು ಹೇಗೆಯೇ ಇರಲಿ, ಮಳೆಗಾಲ ಮುಗಿದು ಮರದ ನೀರು ಇಳಿದ ಮೇಲೆ ಕಡಿಯಬೇಕೆಂಬುದರಲ್ಲಿ ವಿವೇಕವಿದೆ. ಕೊಯ್ದ ಹಲಗೆಗಳನ್ನು ನಡುನಡುವೆ ರೀಪುಗಳನ್ನಿಟ್ಟು ನೆರಳಿನಲ್ಲಿ ಪೇರಿಸಿಡುತ್ತಾರೆ. ಒಂದು ಅಂಗುಲ ದಪ್ಪದ ಹಲಗೆ ಹದವಾಗಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಇಂದಿನ ಮನೆಗಳಲ್ಲಿ ಮರದ ಕಿಟಕಿ ಬಾಗಿತು, ಸೀಳಿತು ಎಂಬ ದೂರುಗಳಲ್ಲಿ ಹೆಚ್ಚಿನವು ಈ ಒಂದು ವರ್ಷವನ್ನು ಉಳಿಸಲು ಹೊರಟದ್ದರ ಫಲ. ದೂರು ಮಾತ್ರ ಮರದ ಮೇಲೆ ಬರುತ್ತದೆ.

ಒಣಗಿದ ಮರವೂ ನಿಶ್ಚಲವಲ್ಲ. ಗಾಳಿಯ ತೇವ ಏರಿದಾಗ ಅದು ನಾರಿನ ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಹೆಚ್ಚುಕಡಮೆ ಬದಲಾಗುವುದೇ ಇಲ್ಲ. ಒಂದು ಅಡಿ ಅಗಲದ ಹಲಗೆ ಆಷಾಢದಲ್ಲಿ ಎರಡು ಮೂರು ಮಿಲಿಮೀಟರ್ ಹಿಗ್ಗುವುದು ಸಹಜ. ಆ ಹಲಗೆಯನ್ನು ನಾಲ್ಕೂ ಕಡೆ ಮೊಳೆ ಬಡಿದು ಬಿಗಿದರೆ ಅದು ಒಂದೋ ಬಾಗುತ್ತದೆ, ಇಲ್ಲವೆ ಸೀಳುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹಳೆಯ ಕಿಟಕಿಯ ರಚನೆಯೆಲ್ಲ ಅರ್ಥವಾಗುತ್ತದೆ. ಕಿಟಕಿಯ ಪಡಿ ಒಂದೇ ಹಲಗೆಯಲ್ಲ. ನಾಲ್ಕು ಪಟ್ಟಿಗಳ ಚೌಕಟ್ಟು, ಅದರ ಒಳಅಂಚಿನಲ್ಲಿ ಸುತ್ತಲೂ ಕೊರೆದ ತೋಡು, ಆ ತೋಡಿನೊಳಗೆ ಸುಮ್ಮನೆ ಕುಳಿತ ತೆಳುಹಲಗೆ. ಈ ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಮಳೆಗಾಲದಲ್ಲಿ ಹಿಗ್ಗಲು, ಬೇಸಗೆಯಲ್ಲಿ ಕುಗ್ಗಲು ಅದಕ್ಕೆ ಎಡೆಯಿದೆ. ಹೊರಗಿನ ಚೌಕಟ್ಟು ಮಾತ್ರ ತನ್ನ ಅಳತೆಯನ್ನು ಬಿಡುವುದಿಲ್ಲ. ಭೌತಶಾಸ್ತ್ರದ ಪುಸ್ತಕವನ್ನು ಓದದವರು ಈ ಉಪಾಯವನ್ನು ಕಂಡುಕೊಂಡರೆಂದು ಬೆರಗಾಗುವುದು ವಾಡಿಕೆ. ಅವರು ಓದಿದ್ದು ಮರವನ್ನು. ಬೆರಗಿಗಿಂತ ಗೌರವವೇ ಅದಕ್ಕೆ ತಕ್ಕ ಪ್ರತಿಕ್ರಿಯೆ.

ಗೋಡೆಯಲ್ಲಿ ನಿಲ್ಲುವ ಚೌಕಟ್ಟಿಗೆ ಈ ಕಡೆ ದಾರಂದವೆಂದು ಹೆಸರು. ಅದರ ಮೂಲೆಗಳನ್ನು ಬೆಸೆಯುವುದರಲ್ಲಿ ಕೆಲಸಗಾರನ ಯೋಗ್ಯತೆ ಹೊರಬೀಳುತ್ತದೆ. ಒಂದು ಮರದಲ್ಲಿ ಉಳಿ, ಕೊಡತಿಗಳಿಂದ ಚೌಕಾಕಾರದ ತೂತು ತೆಗೆಯುತ್ತಾರೆ. ಇನ್ನೊಂದರ ತುದಿಯನ್ನು ಅದೇ ಅಳತೆಯ ನಾಲಗೆಯಾಗಿ ಸವರುತ್ತಾರೆ. ನಾಲಗೆ ತೂತಿನೊಳಕ್ಕೆ ಕೈಯ ಒತ್ತಡಕ್ಕೆ ಹೋಗಬೇಕು, ಆದರೆ ಸಡಿಲಾಗಿ ಅಲುಗಬಾರದು. ಬಳಿಕ ಎರಡನ್ನೂ ಸೇರಿಸಿ ಬೈರಿಗೆಯಿಂದ ರಂಧ್ರ ಕೊರೆದು ಗಟ್ಟಿಮರದ ಮೊಳೆಯನ್ನು ಹೊಡೆಯುತ್ತಾರೆ. ಕಬ್ಬಿಣದ ಮೊಳೆಗೆ ಈ ನಾಡಿನ ತೇವದಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಸುತ್ತಲಿನ ಮರವನ್ನೂ ತಿನ್ನುತ್ತದೆ. ಮರದ ಮೊಳೆಗೆ ಆ ದೋಷವಿಲ್ಲ. ದಾರಂದದ ಕೆಳಪಟ್ಟಿಯ ಹೊರಮೈಯನ್ನು ತುಸು ಇಳಿಜಾರಾಗಿ ಕೀಸುತ್ತಾರೆ. ಸಿಡಿದ ನೀರು ನಿಲ್ಲದೆ ಜಾರಿ ಹೋಗಲೆಂದು ಈ ಏರ್ಪಾಡು. ಕಣ್ಣಿಗೆ ಬೀಳದ ಈ ಇಳಿಜಾರನ್ನು ಮರೆತ ಕಿಟಕಿ ಮೊದಲು ಕೊಳೆಯುವುದು ಅಲ್ಲಿಯೇ.

ಸರಳುಗಳನ್ನು ಕೂರಿಸುವ ಕ್ರಮವೂ ಗಮನಿಸತಕ್ಕದ್ದು. ಮೇಲಿನ ಹಾಗೂ ಕೆಳಗಿನ ಪಟ್ಟಿಗಳಲ್ಲಿ ತೂತುಗಳನ್ನು ತೆಗೆದು, ದಾರಂದವನ್ನು ಬಿಗಿಯುವ ಮೊದಲೇ ಸರಳುಗಳನ್ನು ಸೇರಿಸಿಬಿಡುತ್ತಾರೆ. ದಾರಂದವನ್ನು ಬಿಚ್ಚದೆ ಒಂದು ಸರಳನ್ನೂ ಕೀಳಲಾಗದು; ದಾರಂದವೋ ಗೋಡೆಯಲ್ಲಿ ಹೂತುಕೊಂಡಿದೆ. ಚೌಕ ಸರಳುಗಳನ್ನು ಅಂಚು ಮುಂದಾಗುವಂತೆ ತಿರುಗಿಸಿ ನಿಲ್ಲಿಸುವುದುಂಟು. ಆಗ ಅಂಗಳದ ಬಿಸಿಲು ಸರಳಿನ ಎರಡು ಓರೆಮೈಗಳ ಮೇಲೆ ಬಿದ್ದು, ಮೆತ್ತಗಾಗಿ ಚಾವಡಿಯೊಳಕ್ಕೆ ಬರುತ್ತದೆ. ಕೆಲವು ದೊಡ್ಡ ಕಿಟಕಿಗಳಿಗೆ ಎರಡರ ಬದಲು ನಾಲ್ಕು ಪಡಿಗಳಿರುತ್ತವೆ. ಕೆಳಗಿನ ಜೋಡಿಯನ್ನು ಮುಚ್ಚಿ ಮೇಲಿನ ಜೋಡಿಯನ್ನು ತೆರೆದಿಟ್ಟರೆ ಒಳಗೆ ಮಲಗಿದವರಿಗೆ ಮರೆಯೂ ಉಂಟು, ಗಾಳಿಯೂ ಉಂಟು.

ಪ್ರತಿಯೊಂದು ದೇಶದ ಕಿಟಕಿಯೂ ಅಲ್ಲಿನ ಕಷ್ಟಕ್ಕೆ ಕೊಟ್ಟ ಉತ್ತರವಾಗಿರುತ್ತದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಗಾಜಿನ ಚೌಕಟ್ಟುಗಳು ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಹಗ್ಗ, ರಾಟೆ, ತೂಕದ ಗುಂಡುಗಳು ಪಕ್ಕದ ಪೆಟ್ಟಿಗೆಯಲ್ಲಿ ಅಡಗಿರುತ್ತವೆ. 1666ರಲ್ಲಿ ಲಂಡನ್ ನಗರ ಬೆಂಕಿಗೆ ತುತ್ತಾಗಿತ್ತು. ಕಿಟಕಿಯ ಮರ ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಹಿಂದಕ್ಕಿರಬೇಕೆಂದು ಅಲ್ಲಿ 1709ರಲ್ಲಿ ಕಾನೂನೇ ಆಯಿತು. ಪುತ್ತೂರು ಸೀಮೆಯ ಬಡಗಿಯ ಎದುರಾಳಿ ಬೆಂಕಿಯಲ್ಲ, ನೀರು. ಅವನ ಕಿಟಕಿಗೆ ನೆರವಾದದ್ದು ಗೋಡೆಯಾಚೆಗೆ ಚಾಚಿದ ಮಾಡಿನ ಇಳಿಜಾರು. ಮೊದಲು ಮುಳಿಹುಲ್ಲಿನದು, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಕ್ರಮೇಣ ಹಂಚಿನದು. ಅಡಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಹಂಚಿನ ಮಾಡುಗಳು ಇಳಿದು ಕಾಂಕ್ರೀಟಿನ ತಾರಸಿಗಳು ಎದ್ದವು. ಸೂರು ಹೋದ ಮೇಲೆ ಮಳೆಯ ಏಟು ನೇರವಾಗಿ ಕಿಟಕಿಗೇ ಬಿತ್ತು. ಮರದ ಕಿಟಕಿ ಈ ಕಾಲಕ್ಕೆ ತಾಳಲಾರದೆಂಬ ಮಾತು ಹುಟ್ಟಿದ್ದು ಆಗ. ವಾಸ್ತವವಾಗಿ ತಾಳಲಾರದ್ದು ಸೂರಿಲ್ಲದ ಗೋಡೆಯಲ್ಲಿ ನಿಲ್ಲಿಸಿದ ಕಿಟಕಿ.

ಕಬ್ಬಿಣ, ಅಲ್ಯುಮಿನಿಯಂ, ಪ್ಲಾಸ್ಟಿಕ್ಕಿನ ಸಿದ್ಧ ಕಿಟಕಿಗಳನ್ನು ಆರಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಮರ ದುಬಾರಿಯಾಗಿದೆ. ಕಾಡಿನ ಮರವನ್ನು ಹಿಂದಿನಂತೆ ಕಡಿಯುವಂತಿಲ್ಲ, ಕಡಿಯಲೂ ಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಖಾಸಗಿ ಜಮೀನಿನ ಮರಗಳಿಗೂ ಕಟ್ಟುಪಾಡು ವಿಧಿಸಿದೆ. ಸುಳ್ಯದ ಸುತ್ತಮುತ್ತ ರಬ್ಬರ್ ಮರ ಅಗ್ಗವಾಗಿ ಸಿಗುತ್ತದೆಯಾದರೂ, ಸಂಸ್ಕರಿಸದಿದ್ದರೆ ಅದಕ್ಕೆ ಹುಳುವೂ ಬೂಷ್ಟೂ ಬೇಗ ತಗಲುತ್ತವೆ. ಹೊಸ ಮನೆಗೆಲ್ಲ ಹಲಸಿನ ಕಿಟಕಿಯೇ ಬೇಕೆಂದು ಹಟ ಹಿಡಿಯುವುದು ಬಡವನ ಕೈಗೆ ನಿಲುಕದ ಉಪದೇಶ. ಆದರೆ ಈಗಾಗಲೇ ಇರುವ ಕಿಟಕಿಗಳ ಪ್ರಶ್ನೆ ಬೇರೆ. ಅವುಗಳಿಗೆ ಇನ್ನೊಂದು ಮರವನ್ನು ಕಡಿಯಬೇಕಾಗಿಲ್ಲ. ಹಳೆಯ ಮನೆಯನ್ನೋ ಶಾಲೆಯ ಕಟ್ಟಡವನ್ನೋ ಕೆಡವುವಾಗ, ಕೆಳಪಟ್ಟಿ ಒಂದಿಷ್ಟು ಕೊಳೆತದ್ದರಿಂದ ಇಡೀ ಕಿಟಕಿಯನ್ನು ಸೌದೆಯ ಬೆಲೆಗೆ ಮಾರುವುದು ಕಂಡುಬರುತ್ತದೆ. ಅದು ಮಿತವ್ಯಯವಲ್ಲ, ಲೆಕ್ಕ ತಪ್ಪಿದ ದುಂದು. ತೂತು ನಾಲಗೆಗಳಿಂದ ಕೂಡಿಸಿದ ಕಿಟಕಿಯ ಹೆಚ್ಚುಗಾರಿಕೆ ಅದರ ಕೆತ್ತನೆಯಲ್ಲಿಲ್ಲ. ಮರದ ಮೊಳೆಯನ್ನು ಹಿಂದಿನಿಂದ ತಟ್ಟಿ ತೆಗೆದರೆ ಅದು ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಭಾಗವೊಂದನ್ನೇ ಬದಲಿಸಿ ಮತ್ತೆ ಕೂಡಿಸಬಹುದು. ಪ್ಲಾಸ್ಟಿಕ್ಕಿನ ಚೌಕಟ್ಟಿನ ಮೂಲೆಯನ್ನು ಕಾಯಿಸಿ ಬೆಸೆದಿರುತ್ತಾರೆ. ಅದು ಬಿರುಕುಬಿಟ್ಟರೆ ಊರಿನ ಯಾವ ಕೈಯೂ ಅದನ್ನು ಮೊದಲಿನಂತೆ ಮಾಡಲಾರದು.

ಬಿಚ್ಚಿ ಕೂಡಿಸಬಹುದೆಂಬುದು ಬರಿಯ ಮಾತಲ್ಲ. ನೆರೆಯ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದ್ದು ಇದೇ ಗುಣವನ್ನು ನಂಬಿ. ಕೆಡವಲು ನಿಂತಿದ್ದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲು, ಕಿಟಕಿಗಳನ್ನು ಒಂದೊಂದಾಗಿ ಬಿಚ್ಚಿ ತಂದು, ಅಲ್ಲಿ ಮತ್ತೆ ಮನೆಯಾಗಿ ನಿಲ್ಲಿಸಿದರು. ಅದು ದೊಡ್ಡ ಸಾಹಸ. ಆದರೂ ವಸ್ತುಸಂಗ್ರಹಾಲಯದಲ್ಲಿ ಉಳಿದ ಕಿಟಕಿಯಿಂದ ಕಡಬದ ಆಚಾರಿಗೆ ಕೂಲಿ ಹುಟ್ಟುವುದಿಲ್ಲ. ಕಸುಬು ಉಳಿಯುವುದು ಕೆಲಸ ಸಿಕ್ಕಿದರೆ ಮಾತ್ರ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಕೆಲವು ದಿನಗಳ ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿಯವರೆಗೆ ನೆರವು, ಕಡಮೆ ಬಡ್ಡಿಯ ಸಾಲ ಅದರಲ್ಲಿವೆ. ಇದು ಸ್ವಾಗತಾರ್ಹವೇ. ಆದರೆ ಹಲಗೆ ಒಣಗಿತೇ ಎಂಬುದನ್ನು ಬೆರಳಿನಿಂದ ತಟ್ಟಿ ತಿಳಿಯುವ ಅರಿವು ಕೆಲವು ದಿನಗಳಲ್ಲಿ ಬರುವಂತಹದಲ್ಲ. ಹಳೆಯ ಶಾಲೆ, ಕಚೇರಿ, ದೇವಸ್ಥಾನಗಳ ಕಿಟಕಿಗಳ ದುರಸ್ತಿಯನ್ನು ಊರಿನ ಬಡಗಿಗೇ ಒಪ್ಪಿಸಿ, ಅವನ ಜೊತೆಯಲ್ಲಿ ಇಬ್ಬರು ಕಲಿಯುವವರಿಗೂ ಕೂಲಿ ಕೊಟ್ಟರೆ ಈ ವಿದ್ಯೆ ಕೈಯಿಂದ ಕೈಗೆ ದಾಟೀತು. ಏಕೆಂದರೆ ಹಳೆಯ ಕಿಟಕಿಯನ್ನು ಬಿಚ್ಚುವವನು ಅದನ್ನು ಮಾಡಿದವನ ಉಪಾಯಗಳನ್ನೆಲ್ಲ ಕಣ್ಣಾರೆ ಕಾಣುತ್ತಾನೆ. ತಲೆಮಾರುಗಳಿಂದ ವಿಶ್ವಕರ್ಮ ಸಮಾಜದ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದ ಕಸುಬಿದು. ಮಗನೂ ಅದನ್ನೇ ಹಿಡಿಯಬೇಕೆಂದು ಹೇಳುವ ಹಕ್ಕು ಇಂದು ಯಾರಿಗೂ ಇಲ್ಲ. ಬೇರೆ ಮನೆಯ ಹುಡುಗನೋ ಹುಡುಗಿಯೋ ಕಲಿಯಬಾರದೆಂದು ಹೇಳುವ ಹಕ್ಕೂ ಇಲ್ಲ.

ದುರಸ್ತಿಗೆ ಒಳ್ಳೆಯ ಕಾಲ ಏಪ್ರಿಲ್. ಮರ ಚೆನ್ನಾಗಿ ಒಣಗಿ ಕುಗ್ಗಿರುವುದರಿಂದ ಹಳೆಯ ಬೆಸುಗೆಗಳು ಸುಲಭವಾಗಿ ಬಿಡುತ್ತವೆ. ಆಚಾರಿ ಪಡಿಗಳನ್ನು ಕಳಚಿ ಅಂಗಳದಲ್ಲಿ ಹಾಸುತ್ತಾನೆ, ಕೊಳೆತ ಪಟ್ಟಿಯ ಅಳತೆಯನ್ನು ಹೊಸ ಮರಕ್ಕೆ ಇಳಿಸುತ್ತಾನೆ. ಕೂಡಿಸಿದ ಮೇಲೆ ಹಿಂದೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಚರ್ಮ ಸುಡುವ ಆ ಕಪ್ಪೆಣ್ಣೆಗೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. 1986ರಿಂದ ಗೇರಿನ ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು ಹೊಂದಿರುವ ಪುತ್ತೂರಿನಲ್ಲಿ ಅದಕ್ಕೆ ಬರವಿಲ್ಲ. ಎಣ್ಣೆ ಆರಲು ಕೆಲವು ದಿನ ಹಿಡಿಯುತ್ತದೆ. ಮೊದಲ ಮಳೆಗೆ ಮುನ್ನ ಪಡಿಗಳನ್ನು ತಿರುಗುಣಿಯ ಮೇಲೆ ಕೂರಿಸುವಾಗ, ಎರಡರ ನಡುವೆ ಒಂದು ಕೂದಲೆಳೆಯಷ್ಟು ಸಂದನ್ನು ಆಚಾರಿ ಬೇಕೆಂದೇ ಬಿಡುತ್ತಾನೆ. ಜೂನ್ ತಿಂಗಳಿನಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.