ವಿಟೆಕ್ ಏಳ್ತಿಲ್ವಾ? ಹುಡುಕೋ ಕೆಲಸಕ್ಕೂ ಕೂಲಿ ಕೊಡಿ

1/6
ಸಕಲೇಶಪುರ, ಆಲೂರು ಕಡೆಯ ಎಸ್ಟೇಟ್ ಶೆಡ್‌ಗಳಲ್ಲಿ ಹಳೇ ಹೋಂಡಾ ಸಿಟಿ ವಿಟೆಕ್ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಸಿಟಿ ಭಾರತಕ್ಕೆ ಬಂದಿದ್ದು 1998ರಲ್ಲಿ. ಆಮೇಲೆ ಬಂದ 1.5 ಲೀಟರ್ ವಿಟೆಕ್ ಎಂಜಿನ್ನಿಗೆ 106 ಬಿಹೆಚ್‌ಪಿ ಪವರ್. ಆ ಕಾಲದಲ್ಲಿ ಮನೆಮಂದಿಯೆಲ್ಲ ಕೂತು ಹೋಗೋ ಕಾರಿಗೆ ಅಷ್ಟು ಪವರ್ ಅಂದ್ರೆ ಸಣ್ಣ ಮಾತಲ್ಲ. 2003ರಲ್ಲಿ ಹೊಸ ಮಾಡೆಲ್ ಬಂತು, ಈ ಕಾರಿನ ಕಥೆ ಮುಗೀತು. ಅಂದ್ರೆ ಇವತ್ತು ಓಡ್ತಿರೋ ಪ್ರತಿಯೊಂದಕ್ಕೂ 20 ವರ್ಷ ದಾಟಿದೆ. ನಮ್ಮ ಕ್ಲಾಸಿನ ಕೆಲವರಿಗಿಂತ ಅವೇ ದೊಡ್ಡವು.

ಈ ಕಾರುಗಳ ಬಗ್ಗೆ ನನಗೆ ಬರೋ ಮೆಸೇಜ್ ಹೆಚ್ಚುಕಮ್ಮಿ ಒಂದೇ: "ಮೊದಲಿನ ಥರ ಏಳಲ್ಲ ಮಾರಾಯ. ಗ್ಯಾರೇಜಲ್ಲಿ ಸೊಲೆನಾಯ್ಡ್ ಹೋಗಿದೆ ಅಂದ್ರು, ಹಾಕಿಸಿದ್ವಿ, ಸರಿ ಹೋಗಲಿಲ್ಲ. ಈಗ ಹೆಡ್ ಇಳಿಸ್ಬೇಕಂತೆ."

ಹೆಡ್ ಇಳಿಸೋ ಮಾತು ಬಂದ ದಿನವೇ ಮನೆಯಲ್ಲಿ ಇನ್ನೊಂದು ಮಾತು ಹುಟ್ಟುತ್ತೆ: "ಗುಜರಿಗೆ ಕೊಟ್ಟುಬಿಡೋಣ." ಅದಕ್ಕೇ ಈ ಸರಣಿಯಲ್ಲಿ ಇವತ್ತು ಈ ವಿಷಯ.

2/6
ಮೊದಲು ಅದು ಕೆಲಸ ಮಾಡೋದು ಹೇಗೆ ಅಂತ ನೋಡೋಣ.

ಎಂಜಿನ್ ಉಸಿರಾಡೋದು ವಾಲ್ವ್‌ಗಳಿಂದ. ನಿಧಾನಕ್ಕೆ ಓಡುವಾಗ ವಾಲ್ವ್ ಸ್ವಲ್ಪ ತೆರೆದರೆ ಸಾಕು. ಜೋರಾಗಿ ಓಡುವಾಗ ಹೆಚ್ಚು ತೆರೀಬೇಕು, ಹೆಚ್ಚು ಹೊತ್ತು ತೆರೆದಿರಬೇಕು. ಒಂದೇ ಕ್ಯಾಮ್ ಆಕಾರದಲ್ಲಿ ಇವೆರಡೂ ಆಗಲ್ಲ. 1989ರಲ್ಲಿ ಹೋಂಡಾ ಇಂಟಿಗ್ರಾ ಕಾರಿನಲ್ಲಿ ಇದಕ್ಕೊಂದು ಉಪಾಯ ಬಂತು: ಒಂದೇ ಶಾಫ್ಟ್ ಮೇಲೆ ಎರಡು ಥರದ ಕ್ಯಾಮ್. ರಾಕರ್ ಆರ್ಮ್‌ಗಳ ಒಳಗೊಂದು ಸಣ್ಣ ಪಿನ್. ಆಯಿಲ್ ಪ್ರೆಶರ್ ಆ ಪಿನ್ನನ್ನು ತಳ್ಳಿದರೆ ರಾಕರ್‌ಗಳೆಲ್ಲ ಒಂದಾಗಿ ದೊಡ್ಡ ಕ್ಯಾಮ್ ಹಿಂದೆ ಹೋಗ್ತವೆ. ಅಷ್ಟೇ ವಿಟೆಕ್.

ಇಲ್ಲಿ ಪಿನ್ ತಳ್ಳೋದು ಕರೆಂಟ್ ಅಲ್ಲ, ಆಯಿಲ್. ಸೊಲೆನಾಯ್ಡ್ ಬರೀ ಗೇಟು. ಗದ್ದೆಗೆ ನೀರು ಬರ್ತಿಲ್ಲ ಅಂದ್ರೆ ತೂಬು ಬದಲಿಸೋ ಮೊದಲು ಕೆರೆಯಲ್ಲಿ ನೀರಿದೆಯಾ ಅಂತ ನೋಡ್ತೀವಿ ತಾನೆ? ಇಲ್ಲೂ ಹಾಗೇ.

3/6
ಹಾಗಾಗಿ ನನ್ನ ಲೆಕ್ಕದಲ್ಲಿ ಹುಡುಕೋ ಕ್ರಮ ದುಡ್ಡು ಖರ್ಚಾಗದ ಕಡೆಯಿಂದ ಶುರುವಾಗಬೇಕು.

ಒಂದು, ಆಯಿಲ್ ಲೆವೆಲ್. ನಮ್ಮ ಮನೆಗಳ ಅಂಗಳ, ಶೆಡ್ಡು ಎಲ್ಲ ಇಳಿಜಾರು. ಅಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆದರೆ ಅದು ಹೇಳೋದು ಸುಳ್ಳು. ಸಮತಟ್ಟಾದ ಜಾಗಕ್ಕೆ ತನ್ನಿ, ಎಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಿ. ಹಳೇ ಎಂಜಿನ್ ಆಯಿಲ್ ಕುಡಿಯುತ್ತೆ, ಘಾಟಿ ಹತ್ತಿದರೆ ಇನ್ನೂ ಜಾಸ್ತಿ.

ಎರಡು, ಆಯಿಲ್ ಯಾವುದು, ಎಷ್ಟು ಹಳೇದು. "ಹಳೇ ಎಂಜಿನ್, ದಪ್ಪ ಆಯಿಲ್ ಹಾಕಿ" ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಇದಕ್ಕೆ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡೇ ಬೇಕು. ಆಯಿಲ್ ಕ್ಯಾಪ್ ಬಿಚ್ಚಿ ಒಳಗೂ ನೋಡಿ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಂತ ನಾಲ್ಕೈದು ಕಿಲೋಮೀಟರ್ ಮಾತ್ರ ಓಡೋ ಕಾರು ಸರಿಯಾಗಿ ಬಿಸಿಯಾಗಲ್ಲ. ಒಳಗಿನ ತೇವ ಆರದೆ ಮಜ್ಜಿಗೆ ಬಣ್ಣದ ಜಿಡ್ಡು ಕಟ್ಟುತ್ತೆ. ಅದಕ್ಕೇ ನಮ್ಮೂರಲ್ಲಿ ಕಿಲೋಮೀಟರ್ ಜೊತೆ ತಿಂಗಳೂ ಎಣಿಸಬೇಕು. ಜಿಡ್ಡಿನ ಜೊತೆ ಕೂಲಂಟೂ ಕಮ್ಮಿಯಾಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಕಥೆ ಇರಬಹುದು, ಆಗ ಓಡಿಸ್ಬೇಡಿ.

ಮೂರು, ಎಂಜಿನ್ ಬಿಸಿ ಆಗ್ತಿದೆಯಾ? ಕೂಲಂಟ್ ಒಂದು ಮಟ್ಟಕ್ಕೆ ಬಿಸಿಯಾಗೋವರೆಗೂ ಕಂಪ್ಯೂಟರ್ ವಿಟೆಕ್ ಆನ್ ಮಾಡೋದೇ ಇಲ್ಲ. ಇದನ್ನು ಮರೆತವರು ತುಂಬಾ. ನಾನು ನೋಡಿದ ಆಲೂರು ಕಡೆಯ ಒಂದು ಕಾರಿಗೆ ಎರಡು ಸಲ ಸೊಲೆನಾಯ್ಡ್ ಬದಲಾಗಿತ್ತು. ಕೊನೆಗೆ ಗೊತ್ತಾಗಿದ್ದೇನಪ್ಪಾ ಅಂದ್ರೆ, ಯಾವತ್ತೋ ಯಾರೋ "ಘಾಟಿಯಲ್ಲಿ ಹೀಟ್ ಆಗಲ್ಲ" ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ರು. ಮಂಜು ಬೀಳೋ ಬೆಳಿಗ್ಗೆಗಳಲ್ಲಿ ಆ ಎಂಜಿನ್ ಬೆಚ್ಚಗೇ ಆಗ್ತಿರಲಿಲ್ಲ. ಟೆಂಪರೇಚರ್ ಮುಳ್ಳು ಕೆಳಗೇ ಕೂತಿತ್ತು. ಡ್ಯಾಶ್‌ಬೋರ್ಡಿನಲ್ಲೇ ಇದ್ದ ಉತ್ತರವನ್ನು ಯಾರೂ ಓದಿರಲಿಲ್ಲ.

4/6
ಇಷ್ಟೂ ಸರಿ ಇದ್ದರೆ ಮಾತ್ರ ಟೂಲ್ ಎತ್ಕೊಳ್ಳಿ.

ಚೆಕ್ ಎಂಜಿನ್ ಲೈಟ್ ಇದೆಯಾ? ಆ ಕಾಲದ ಹೋಂಡಾಗಳು ದೀಪ ಮಿಟುಕಿಸಿಯೇ ಕೋಡ್ ಹೇಳ್ತಿದ್ದವು. ಉದ್ದ ಮಿಟುಕು ಹತ್ತು, ಗಿಡ್ಡ ಮಿಟುಕು ಒಂದು. 21 ಬಂದರೆ ಸೊಲೆನಾಯ್ಡ್ ಸರ್ಕ್ಯೂಟ್, 22 ಬಂದರೆ ಪ್ರೆಶರ್ ಸ್ವಿಚ್ ಸರ್ಕ್ಯೂಟ್. ಸರ್ಕ್ಯೂಟ್ ಅನ್ನೋ ಪದ ನೆನಪಿಡಿ. ಪಾರ್ಟ್ ಹೋಗಿದೆ ಅಂತ ಕೋಡ್ ಹೇಳಲ್ಲ, "ಈ ದಾರಿಯಲ್ಲಿ ಎಲ್ಲೋ ತೊಂದರೆ" ಅಂತ ಮಾತ್ರ ಹೇಳುತ್ತೆ. ಆ ದಾರಿಯಲ್ಲಿ ಹಸಿರು ಕಟ್ಟಿದ ಕನೆಕ್ಟರ್ ಇರಬಹುದು. ಶೆಡ್ಡಿನಲ್ಲಿ ನಿಂತ ಕಾರಾದ್ರೆ ಇಲಿ ಕಡಿದ ವೈರೂ ಇರಬಹುದು.

ಆಮೇಲೆ ಮಲ್ಟಿಮೀಟರ್. ಸೊಲೆನಾಯ್ಡ್ ಕನೆಕ್ಟರ್ ಬಿಚ್ಚಿ ಅಳೆದರೆ 14ರಿಂದ 30 ಓಮ್ ಒಳಗೆ ಬರಬೇಕು. 12 ವೋಲ್ಟ್ ಕೊಟ್ಟರೆ "ಟಕ್" ಅನ್ನಬೇಕು. ಎರಡೂ ಆದ್ರೆ ಕರೆಂಟಿನ ಲೆಕ್ಕದಲ್ಲಿ ಅದು ಪಾಸು.

ಮುಂದಿನದು ಬಿಚ್ಚೋ ಕೆಲಸ. ಫೋಟೋ 4 ನೋಡಿ: ಸೊಲೆನಾಯ್ಡ್ ಹಿಂದಿನ ಗ್ಯಾಸ್ಕೆಟ್‌ನಲ್ಲೇ ಟೀ ಸೋಸೋ ಜಾಲರಿಯಂಥದ್ದೊಂದು ಇರುತ್ತೆ. ಜಿಡ್ಡು ಬಂದು ಕೂರೋದು ಅಲ್ಲೇ. ಜಾಲರಿ ಕಟ್ಟಿದ್ರೆ ಹೊಸ ಸೊಲೆನಾಯ್ಡ್ ಹಾಕಿಯೂ ಪ್ರಯೋಜನ ಇಲ್ಲ, ಅದೇ ಗ್ಯಾಸ್ಕೆಟ್ ವಾಪಸ್ ಹಾಕಿದ್ರಂತೂ ಮುಗೀತು. ಇದಾದ ಮೇಲೂ ಬರಲಿಲ್ಲ ಅಂದ್ರೆ ಗೇಜ್ ಹಾಕಿ ಆಯಿಲ್ ಪ್ರೆಶರ್ ಅಳೀರಿ. ಪಂಪು, ರಾಕರ್ ಪಿನ್, ಹೆಡ್ ಎಲ್ಲ ಆಮೇಲಿನ ಮಾತು.

5/6
ಇಷ್ಟು ಗೊತ್ತಿದ್ದೂ ಗ್ಯಾರೇಜಿನವರು ಮೊದಲೇ ಪಾರ್ಟ್ ಯಾಕೆ ಬದಲಿಸ್ತಾರೆ? "ಮೋಸ" ಅಂತ ಕಾಮೆಂಟ್ ಹಾಕೋದು ಸುಲಭ. ನಾನು ಒಪ್ಪಲ್ಲ.

ಯೋಚಿಸಿ ನೋಡಿ. ಮೆಕ್ಯಾನಿಕ್ ಅಣ್ಣ ಎರಡು ಗಂಟೆ ಕೂತು ವೈರ್ ಹಿಡಿದು ಹುಡುಕಿ, ಕನೆಕ್ಟರ್ ಒರೆಸಿ, "ಸರಿ ಹೋಯ್ತು, 800 ರೂಪಾಯಿ ಕೊಡಿ" ಅಂದ್ರೆ ನಾವೇನಂತೀವಿ? "ಬರೀ ಒರೆಸಿದ್ದಕ್ಕೆ ಎಂಟುನೂರಾ?" ಅಂತೀವಿ. ಅದೇ ಅವರು ಅರ್ಧ ಗಂಟೆಯಲ್ಲಿ ಹೊಳೆಯೋ ಪಾರ್ಟ್ ಹಾಕಿ ಸಾವಿರಗಟ್ಟಲೆ ಬಿಲ್ ಕೊಟ್ಟರೆ ತೆಪ್ಪಗೆ ಕೊಟ್ಟು ಬರ್ತೀವಿ, ಡಬ್ಬಿ ಕಣ್ಣಿಗೆ ಕಾಣುತ್ತಲ್ಲ! ಹುಡುಕೋ ಬುದ್ಧಿಗೆ ಬೆಲೆ ಇಲ್ಲ, ಪಾರ್ಟಿಗೆ ಬೆಲೆ ಅಂತ ಅವರಿಗೆ ಕಲಿಸಿದವರು ನಾವೇ ಗಿರಾಕಿಗಳು.

ಹೊಸ ಕಾರಿಗೆ ಈ ಅಭ್ಯಾಸ ಹೇಗೋ ನಡೆಯುತ್ತೆ. ಪಾರ್ಟ್ಸ್ ಸಿಗೋದೇ ಕಷ್ಟ ಆಗಿರೋ ಹಳೇ ಕಾರಿಗೆ ನಡೆಯಲ್ಲ. ಒಂದೊಂದು ತಪ್ಪು ಊಹೆಗೂ ಮನೆಯವರ ದುಡ್ಡು ಹೋಗುತ್ತೆ, ತಾಳ್ಮೆಯೂ ಹೋಗುತ್ತೆ. 15 ವರ್ಷ ದಾಟಿದ ಕಾರಿಗೆ ಎಫ್‌ಸಿ, ಗ್ರೀನ್ ಟ್ಯಾಕ್ಸ್ ಅಂತ ಖರ್ಚು ಬೇರೆ ಇದೆ. ನಾಲ್ಕನೇ ಬಿಲ್ ಬರೋ ಹೊತ್ತಿಗೆ, ಒಂದು ಜಾಲರಿ ತೊಳೆದರೆ ಬದುಕಬೇಕಿದ್ದ ಎಂಜಿನ್ ಗುಜರಿ ಸೇರಿರುತ್ತೆ.

ಹಾಗಾಗಿ ಕಾರು ಬಿಡುವಾಗಲೇ ಬಾಯಿಬಿಟ್ಟು ಹೇಳಿ: "ಅಣ್ಣ, ಮೊದಲು ಏನಾಗಿದೆ ಅಂತ ಹುಡುಕಿ. ಹುಡುಕಿದ್ದಕ್ಕೆ ಇಷ್ಟು ಕೊಡ್ತೀನಿ. ನನ್ನ ಕೇಳದೆ ಪಾರ್ಟ್ ಹಾಕ್ಬೇಡಿ." ನೀವೂ ಬರೀ ಕೈಯಲ್ಲಿ ಹೋಗ್ಬೇಡಿ. ಯಾವಾಗ ಬರಲ್ಲ, ಬೆಳಿಗ್ಗೆನಾ ಬಿಸಿಯಾದ ಮೇಲಾ, ಲೈಟ್ ಬಂತಾ, ಆಯಿಲ್ ಯಾವಾಗ ಬದಲಿಸಿದ್ದು, ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಡಾಕ್ಟರ್ ಹತ್ರ "ಹುಷಾರಿಲ್ಲ" ಅಂತ ಒಂದೇ ಮಾತು ಹೇಳಿ ಸುಮ್ಮನೆ ಕೂರ್ತೀವಾ?

ಐಟಿಐ, ಡಿಪ್ಲೊಮಾ ಓದ್ತಿರೋ ಗೆಳೆಯರೇ, ಈ ಮಾತು ನಿಮಗೂ. ನಾಳೆ ಆ ಸ್ಟೂಲ್ ಮೇಲೆ ಕೂರೋರು ನೀವು. ಹುಡುಕೋ ಕೆಲಸಕ್ಕೆ ಬೇರೆ ಚಾರ್ಜ್ ಅಂತ ಗೋಡೆ ಮೇಲೆ ಬರೆದು ಹಾಕಿ. ಮುಜುಗರ ಬೇಡ.

6/6
ಕೊನೆಗೆ ಟೆಸ್ಟ್ ಮಾಡೋ ವಿಷಯ.

ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು "ವಿಟೆಕ್ ಬರ್ತಿಲ್ಲ" ಅಂತ ವಿಡಿಯೋ ಕಳಿಸ್ಬೇಡಿ. ಕಾರು ಓಡ್ತಿರಬೇಕು, ಎಂಜಿನ್ ಮೇಲೆ ಭಾರ ಇರಬೇಕು, ಆಗಲೇ ಕಂಪ್ಯೂಟರ್ ಒಪ್ಪೋದು. ಬೆನ್ನಿಗೆ ಗುದ್ದಿದಂಗೆ ಕಿಕ್ ಹೊಡೀಬೇಕು ಅಂತಾನೂ ಕಾಯ್ಬೇಡಿ. ಎರಡು ಕ್ಯಾಮ್ ಮಧ್ಯೆ ಬದಲಾವಣೆ ನಯವಾಗಿ ಆದ್ರೇನೇ ಎಂಜಿನ್ ಆರೋಗ್ಯವಾಗಿದೆ ಅಂತ. ಸದ್ದು ಬದಲಾಗುತ್ತೆ, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಲ್ಲ, ಅಷ್ಟು ಸಾಕು.

ಟೆಸ್ಟ್ ಮಾಡೋ ಜಾಗ ಶಿರಾಡಿ ಅಲ್ಲ, ಬಿಸ್ಲೆಯೂ ಅಲ್ಲ. ಗುಂಡ್ಯದಿಂದ ಮಾರನಹಳ್ಳಿಗೆ ಹತ್ತುವಾಗ ಮುಂದೆ ಟ್ಯಾಂಕರ್, ಎದುರಿಗೆ ಬಸ್ಸು, ಮೇಲಿಂದ ಮಳೆ. ಅಲ್ಲಿ "ಈಗ ಏಳುತ್ತೆ" ಅಂತ ನಂಬಿ ಓವರ್‌ಟೇಕ್‌ಗೆ ಇಳಿದು, ಅದು ಏಳದೇ ಹೋದ್ರೆ? ನನಗೆ ಈ ರಿಪೇರಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ. ಪವರ್ ಕಮ್ಮಿ ಇರೋ ಕಾರು ಅಪಾಯ ಅಲ್ಲ, ಒಮ್ಮೆ ಇದ್ದು ಒಮ್ಮೆ ಕೈಕೊಡೋ ಕಾರು ಅಪಾಯ. ಸರಿ ಹೋಗೋವರೆಗೂ ಟ್ಯಾಂಕರ್ ಹಿಂದೆಯೇ ಬನ್ನಿ. ಘಾಟಿ ಎಲ್ಲಿಗೂ ಓಡಿ ಹೋಗಲ್ಲ.

"ನಮ್ಮನೇಲಿ ಸ್ವಿಫ್ಟ್ ಇರೋದು, ನಮಗ್ಯಾಕೆ ಇದೆಲ್ಲ" ಅನ್ನೋರಿಗೆ: 2011ರ ನಂತರದ ಪೆಟ್ರೋಲ್ ಸ್ವಿಫ್ಟ್‌ನಲ್ಲೂ ವಿವಿಟಿ ಇದೆ. ವಿಧಾನ ಬೇರೆ, ಅಲ್ಲಿ ಕ್ಯಾಮ್ ಶಾಫ್ಟ್ ತಿರುಗೋ ಸಮಯವೇ ಹಿಂದೆಮುಂದೆ ಆಗುತ್ತೆ. ಆದ್ರೆ ಅದನ್ನು ತಳ್ಳೋದೂ ಇದೇ ಆಯಿಲ್ ಕಣ್ರೋ.

ಈ ಭಾನುವಾರ ಒಂದು ಕೆಲಸ ಮಾಡಿ. ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಡಿಪ್‌ಸ್ಟಿಕ್ ಒರೆಸಿ, ಅಪ್ಪನಿಗೋ ಅಜ್ಜನಿಗೋ ತೋರಿಸಿ. ಕೊನೇ ಸಲ ಆಯಿಲ್ ಬದಲಿಸಿದ್ದು ಯಾವ ತಿಂಗಳು ಅಂತ ಕೇಳಿ. ಅವರು ಕೊಟ್ಟ ಉತ್ತರ ಕಾಮೆಂಟ್‌ನಲ್ಲಿ ಹಾಕಿ.

#ಸಕಲೇಶಪುರ #ಆಲೂರು #ಹಳೇಕಾರು #ವಿಟೆಕ್ #ಹುಡುಕಿಆಮೇಲೆಬದಲಿಸಿ